ಅವ್ವನ ಫೋಟೊ ನಿಮ್ಮ ಹತ್ತಿರ ಇದೆ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ನಮ್ಮವ್ವನ ಫೋಟೊ ತೆಗೆದವರಿಗೆ,



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಚಿತ್ರದ ಕೆಳಮೂಲೆಯಲ್ಲಿ ಬಿಳಿ ಬಣ್ಣದ ಸಹಿಯೊಂದಿತ್ತು. ಎಷ್ಟು ಹೊತ್ತು ನೋಡಿದರೂ ಓದಲು ಆಗಲಿಲ್ಲ. ಆ ಚಿತ್ರ ತೂಗುಹಾಕಿದ್ದ ಕಾಫಿ ಅಂಗಡಿಯ ಹುಡುಗನನ್ನು ಕೇಳಿದೆ. ಗೋಡೆಯ ಚಿತ್ರಗಳನ್ನು ತಿಂಗಳಿಗೊಮ್ಮೆ ಯಾರೋ ಬಂದು ಬದಲಾಯಿಸಿ ಹೋಗುತ್ತಾರೆ, ನನಗೆ ಗೊತ್ತಿಲ್ಲ ಮೇಡಂ ಎಂದ. ಮತ್ತೊಂದು ಸಲ ಹೋಗುವಷ್ಟರಲ್ಲಿ ಆ ಜಾಗದಲ್ಲಿ ಹಂಪಿಯ ಕಲ್ಲಿನ ರಥ ಇತ್ತು. ನಿಮ್ಮನ್ನು ಹುಡುಕಲು ನನಗೆ ಉಳಿದದ್ದು ಇದೊಂದೇ ದಾರಿ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಅವರಲ್ಲಿ ನೀವೂ ಒಬ್ಬರಾಗಿದ್ದರೆ ಸಾಕು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮವ್ವ 38 ವರ್ಷದಿಂದ ಅದೇ ಕೆ.ಆರ್. ಮಾರುಕಟ್ಟೆಯಲ್ಲಿ, ನಮ್ಮ ಬಾಯಲ್ಲಿ ಸಿಟಿ ಮಾರ್ಕೆಟ್ಟಿನಲ್ಲಿ, ಹೂ ಮಾರುತ್ತಾಳೆ. ಅವತ್ತು ಮೌಲ್ಯಮಾಪನ ಮುಗಿಸಿ ಜೊತೆಯ ಮೇಷ್ಟ್ರುಗಳೊಂದಿಗೆ ಕಾಫಿಗೆಂದು ಹೋಗಿದ್ದೆ. ಲೋಟ ಎತ್ತಿಕೊಂಡು ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಅವ್ವ.

ನೀವು ಕಟ್ಟಡದ ಮೇಲಂತಸ್ತಿನ ಕಂಬಿಗೆ ಒರಗಿ ನಿಂತು ತೆಗೆದಿರಬೇಕು. ಸುತ್ತಲೂ ಚೆಂಡುಹೂವಿನ ಗುಡ್ಡೆಗಳು, ಒಂದು ಹಳದಿ, ಒಂದು ಕೇಸರಿ. ನಡುವೆ ಹಸಿರು ಸೀರೆಯ ಅವ್ವ. ಬಲಗೈ ಗಲ್ಲದ ಮೇಲೆ. ಮುಖ ಕೊಂಚ ಮೇಲಕ್ಕೆತ್ತಿದೆ, ತುಟಿ ಅರ್ಧ ತೆರೆದಿದೆ, ಕಣ್ಣು ಎಲ್ಲೋ ನೆಟ್ಟಿದೆ. ಸೆರಗು ಭುಜದಿಂದ ಜಾರಿ ರವಿಕೆಯ ಬಿಟ್ಟ ಹೊಲಿಗೆ ಕಾಣುತ್ತಿದೆ. ಎಲ್ಲಿಂದಲೋ ಬಂದ ಬೆಳಗಿನ ಬಿಸಿಲಿನ ಒಂದು ಪಟ್ಟಿ ಅವಳ ಹಣೆಗೆ ಮಾತ್ರ ಬಿದ್ದಿದೆ.

ಒಳ್ಳೆಯ ಚಿತ್ರ ಅದು. ಜಗಳಕ್ಕೆ ಬಂದವಳು ಎಂದುಕೊಂಡು ಪತ್ರವನ್ನು ಇಲ್ಲಿಗೇ ಮಡಿಚಿಡಬೇಡಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನೋಡಿಕೊಂಡು ಬಂದ ಮುಖ ಅದು. ಅದರಲ್ಲಿ ಇಷ್ಟೊಂದು ಇದೆ ಎಂದು ನನಗೆ ತೋರಿಸಿದವರು ನೀವು. ಆ ಋಣ ನನ್ನ ಮೇಲಿದೆ.

ಆದರೆ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದಿರಿ. ಹೂಗಳ ನಡುವೆ ಬಾಡಿಹೋದ ಬದುಕು ಎಂದು ಅದರ ಅರ್ಥ. ಅದರ ಕೆಳಗೆ ಬೆಲೆಯ ಚೀಟಿ.

ನಾನು ಆ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ ರಾತ್ರಿ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಸೀರೆಯಿಂದ ದಿನ ಗುರುತು ಹಿಡಿದಳು. "ವರಮಾಲಕ್ಷ್ಮಿ ಹಬ್ಬದ್ ಹಿಂದಿನ್ ದಿನ ಕಣೆ ಇದು. ಅವತ್ತು ಕನಕಾಂಬ್ರ ಕೆಜಿಗೆ ಸಾವ್ರ ದಾಟ್ಬುಟ್ಟಿತ್ತು. ಮಂಡಿಯೋನ್ಗೆ ಎಷ್ಟು ಕೊಡ್ಬೇಕು, ಮಾರ್‍ಗೆ ಎಷ್ಟು ಯೋಳ್ಬೇಕು ಅಂತ ಲೆಕ್ಕ ಹಾಕ್ತಾ ಕುಂತಿದ್ದೆ."

ಅವ್ವನಿಗೆ ಬರವಣಿಗೆಯ ಲೆಕ್ಕ ಇಲ್ಲ, ಎಲ್ಲವೂ ಬಾಯಿಲೆಕ್ಕ. ಬಿಡಿಹೂವನ್ನು ಕೆಜಿಯಲ್ಲಿ ಕೊಂಡು, ಕಟ್ಟಿ, ಮಾರಿನಲ್ಲೂ ಮೊಳದಲ್ಲೂ ಮಾರಬೇಕು. ಒಂದು ಕೆಜಿ ಕನಕಾಂಬರ ಎಂದರೆ ದೊಡ್ಡ ರಾಶಿ ಹಗುರ ಹೂ. ಅದು ಎಷ್ಟು ಮಾರಾಗುತ್ತದೆ ಎನ್ನುವುದು ಕಟ್ಟುವ ಕೈಯ ಬಿಗಿಯನ್ನು, ಹೂ ಕಿತ್ತ ಹೊತ್ತನ್ನು, ದಾರಿಯಲ್ಲಿ ಬಾಡಿದ್ದೆಷ್ಟು ಎನ್ನುವುದನ್ನು ಅವಲಂಬಿಸಿರುತ್ತದೆ. ಹಬ್ಬದ ಹಿಂದಿನ ದಿನ ದರ ಗಂಟೆಗೊಂದು. ಬೆಳಗಿನ ಜಾವ ಮೂರಕ್ಕೆ ಕೊಂಡ ಹೂವನ್ನು ಎಂಟು ಗಂಟೆಗೆ ಯಾವ ಬೆಲೆಗೆ ಬಿಡಬೇಕು, ಹತ್ತಕ್ಕೆ ಎಷ್ಟು ಇಳಿಸಬೇಕು ಎಂದು ತಪ್ಪದೆ ಹೇಳಬಲ್ಲವರು ಆ ಸಾಲಿನಲ್ಲಿ ನಾಲ್ಕೈದು ಹೆಂಗಸರು. ನಮ್ಮವ್ವ ಅವರಲ್ಲೊಬ್ಬಳು. ನೀವು ಗುಂಡಿ ಒತ್ತಿದ ಆ ಕ್ಷಣ ಅವಳು ವರ್ಷದ ಅತ್ಯಂತ ಒಳ್ಳೆಯ ವ್ಯಾಪಾರದ ನಡುವೆ ಇದ್ದಳು. ಅವಳ ತುಟಿ ಅರ್ಧ ತೆರೆದದ್ದು ನೋವಿನಿಂದಲ್ಲ, ಎಣಿಕೆಯಿಂದ. ಬಾಡಿಹೋದದ್ದು ಏನೂ ಇರಲಿಲ್ಲ, ಬಾಡಿದ್ದರೆ ಅವತ್ತು ಮಾರಾಟವೇ ಆಗುತ್ತಿರಲಿಲ್ಲ.

ಮೆಟ್ಟಿಲಿಳಿದು ಬಂದು "ಏನಮ್ಮಾ, ಏನು ಯೋಚನೆ ಮಾಡ್ತಿದ್ರಿ?" ಎಂದು ಒಂದು ಮಾತು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅವಳಿಗೆ ಮಾತು ಇಷ್ಟ. ಆಗ ನೀವು ಆ ಸಾಲನ್ನು ಬರೆಯುತ್ತಿರಲಿಲ್ಲ. ಬೇರೆ ಏನಾದರೂ, ಇನ್ನೂ ಒಳ್ಳೆಯದನ್ನು ಬರೆಯುತ್ತಿದ್ದಿರಿ.

ಫೋಟೊ ನೋಡಿ ಅವ್ವನಿಗೆ ಸಿಟ್ಟು ಬರಬಹುದೆಂದು ಕಾಯುತ್ತಿದ್ದೆ. ಸಿಟ್ಟು ಬರಲಿಲ್ಲ. "ಒಂದು ಮಾತು ಯೋಳಿದ್ರೆ ಸೆರಗ್ನಾದ್ರೂ ಸರಿ ಮಾಡ್ಕತಿದ್ದೆ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಖ ಚೆನ್ನಾಗ್ ಬಂದದೆ ಅಲ್ವಾ ಮಗಾ?" ಎಂದು ಕೇಳಿದಳು. ಆಮೇಲೆ ಫೋನು ನನ್ನ ಕೈಗಿಟ್ಟು, "ನಂಗೊಂದು ಕಾಪಿ ಕೊಡ್ತಾರೇನೋ ಕೇಳು" ಎಂದಳು.

ಈ ಪತ್ರ ಬರೆಯಲು ಕಾರಣ ಆ ಮಾತು. ಅದು ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕು.

ನಮ್ಮಪ್ಪ ತೀರಿಕೊಂಡಾಗ ಹನ್ನೊಂದನೆಯ ದಿನಕ್ಕೆ ಹಾರ ಹಾಕಲು ಒಂದು ಫೋಟೊ ಬೇಕಾಯಿತು. ಮನೆಯೆಲ್ಲ ಜಾಲಾಡಿದೆವು. ಮದುವೆಯ ಕಾಲದಲ್ಲಿ ಫೋಟೊ ತೆಗೆಸುವ ಶಕ್ತಿ ಇರಲಿಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅಪ್ಪ ಧಾರೆಯ ಹೊತ್ತಿನಲ್ಲಿ ಬಗ್ಗಿಕೊಂಡಿದ್ದಾರೆ, ಊಟದ ಹಾಲಿನಲ್ಲಿ ಬೆನ್ನು ಮಾಡಿ ಸಾಂಬಾರಿನ ಬಕೆಟ್ ಹಿಡಿದಿದ್ದಾರೆ. ಕೊನೆಗೆ ಸಿಕ್ಕಿದ್ದು ಮತದಾರರ ಗುರುತಿನ ಚೀಟಿ. ಹೆಬ್ಬೆರಳಿನಷ್ಟಗಲದ ಆ ಕಪ್ಪುಬಿಳುಪು ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿಕೊಟ್ಟರು. ದೊಡ್ಡದಾದಷ್ಟೂ ಮುಖ ಕರಗುತ್ತಾ ಹೋಗಿ, ಕಣ್ಣಿನ ಜಾಗವನ್ನು ಕಂಪ್ಯೂಟರಿನಲ್ಲಿ ತಿದ್ದಬೇಕಾಯಿತು. ಹರಿದ ಕಾಲರಿನ ಜಾಗಕ್ಕೆ ಒಂದು ಕೋಟು ಹಾಕಿದರು. ಅಪ್ಪ ಹುಟ್ಟಿದಾಗಿನಿಂದ ಕೋಟು ಹಾಕಿದವರಲ್ಲ. ಹನ್ನೆರಡು ವರ್ಷದಿಂದ ನಮ್ಮ ಮನೆಯ ಗೋಡೆಯ ಮೇಲೆ ಕೋಟು ಹಾಕಿಕೊಂಡ ಯಾರೋ ಒಬ್ಬರಿದ್ದಾರೆ. ಅವ್ವ ದಿನವೂ ಅದಕ್ಕೆ ಒಂದು ಮೊಳ ಹೂ ಇಡುತ್ತಾಳೆ.

ಅವಳದ್ದಾದರೂ ಎಷ್ಟಿವೆ? ಪಡಿತರ ಚೀಟಿಯಲ್ಲೊಂದು, ಆಧಾರ್ ಕಾರ್ಡಿನಲ್ಲೊಂದು. ಹೆದರಿದ ಮುಖಗಳು. ನನ್ನ ಫೋನಿನಲ್ಲಿ ಬೇಕಾದಷ್ಟಿವೆ. ಆದರೆ ನಾನು ಫೋನು ಎತ್ತಿದ ಕೂಡಲೇ ಅವಳು ಕೈ ಮಡಿಚಿ, ಉಸಿರು ಹಿಡಿದು, ಆಧಾರ್ ಕೇಂದ್ರದಲ್ಲಿ ಕೂತವಳಂತೆ ಕೂರುತ್ತಾಳೆ. ಅವಳು ಅವಳಾಗಿ ಇರುವ ಫೋಟೊ ಇಡೀ ಲೋಕದಲ್ಲಿ ಒಂದೇ ಒಂದಿದೆ. ಅದು ನಿಮ್ಮ ಹತ್ತಿರ ಇದೆ.

ಮೊದಲೇ ಕೇಳಿ ತೆಗೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಕೇಳಿದ್ದರೆ ಈ ಚಿತ್ರ ಹುಟ್ಟುತ್ತಲೇ ಇರಲಿಲ್ಲ ಎಂದು ನೀವು ವಾದಿಸಬಹುದು, ಅದನ್ನು ನನ್ನ ಫೋನೇ ಸಾಬೀತು ಮಾಡಿದೆ. ಕೇಂದ್ರ ಗ್ರಂಥಾಲಯದಲ್ಲಿ ಕೂತು ನಿಮ್ಮ ಕಲೆಯ ಚರಿತ್ರೆಯನ್ನೂ ಓದಿಕೊಂಡೆ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸಾನ್ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಂಡು ಬೀದಿಗಿಳಿಯುತ್ತಿದ್ದರು. ಅವರ ಕಣ್ಣಿಗೆ ಬಿದ್ದ ಜನ ಎಷ್ಟು ಜೀವಂತವಾಗಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅಪ್ಪಣೆ ಕೇಳಿ ತೆಗೆದ ಚಿತ್ರಗಳಷ್ಟೇ ಉಳಿದಿದ್ದರೆ ಕಳೆದ ನೂರು ವರ್ಷದ ಮನುಷ್ಯರೆಲ್ಲ ಉಸಿರು ಹಿಡಿದು ಕೂತವರಾಗಿಯೇ ನಮಗೆ ಕಾಣುತ್ತಿದ್ದರು.

ಆದರೆ ಓದುತ್ತಾ ಹೋದಂತೆ ಇನ್ನೊಂದು ಸಂಗತಿಯೂ ಕಂಡಿತು. ನೀವೆಲ್ಲ ಹೇಳುವ 'ಕ್ಯಾಂಡಿಡ್' ಎಂಬ ಮಾತು ಕ್ಯಾಮೆರಾದ ಜೊತೆ ಗಟ್ಟಿಯಾಗಿ ಸೇರಿಕೊಂಡದ್ದು ಜರ್ಮನಿಯ ಎರಿಕ್ ಸಾಲೊಮನ್ ಎಂಬವರ ಚಿತ್ರಗಳಿಂದ. ಮಬ್ಬು ಬೆಳಕಿನಲ್ಲೂ ಕೆಲಸ ಮಾಡುವ ಎರ್ಮನಾಕ್ಸ್ ಎಂಬ ಸಣ್ಣ ಕ್ಯಾಮೆರಾ ಅವರ ಹತ್ತಿರ ಇತ್ತು. 1928ರಲ್ಲಿ ಅದನ್ನು ಟೋಪಿಯೊಳಗೆ ಅಡಗಿಸಿಕೊಂಡು ಹೋಗಿ ಕೊಲೆ ಮೊಕದ್ದಮೆಯ ವಿಚಾರಣೆಯ ಚಿತ್ರ ತೆಗೆದರು. ಆಮೇಲೆ ಅವರು ನುಗ್ಗಿದ್ದು ರಾಜತಾಂತ್ರಿಕರ ಕೋಣೆಗಳಿಗೆ. 1930ರ ಹೇಗ್ ಸಮ್ಮೇಳನದಲ್ಲಿ ನಡುರಾತ್ರಿ ಕಳೆದ ಮೇಲೆ ಸೋಫಾದಲ್ಲಿ ತೂಕಡಿಸುತ್ತಿದ್ದ ಮಂತ್ರಿಗಳನ್ನು ಹಿಡಿದರು. ಯುರೋಪಿನ ಹಣೆಬರಹ ಬರೆಯಲು ಕೂತವರು ನಿದ್ದೆಗೆ ಜಾರಿದ್ದನ್ನು ಜನ ನೋಡಿದರು. 

ಸಾಲೊಮನ್ ಕದ್ದು ನೋಡಿದ್ದು ಬಾಗಿಲು ಮುಚ್ಚಿಕೊಂಡು ಕೂತ ಬಲಿಷ್ಠರನ್ನು. ಆ ಕಳ್ಳತನಕ್ಕೆ ನ್ಯಾಯವಿತ್ತು. ನಮ್ಮವ್ವ ಯಾವ ಬಾಗಿಲನ್ನೂ ಮುಚ್ಚಿಕೊಂಡಿರಲಿಲ್ಲ. ಅವಳಿಗೆ ಬಾಗಿಲೇ ಇಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಎಲ್ಲರ ಕಣ್ಣೆದುರಿಗೆ ಕೂತು, ಅಲ್ಲೇ ತಿಂದು, ಅಲ್ಲೇ ತೂಕಡಿಸಿ, ಅಲ್ಲೇ ಲೆಕ್ಕ ಹಾಕುತ್ತಾಳೆ. ಕ್ಯಾಂಡಿಡ್ ಎಂದರೆ ಮುಚ್ಚುಮರೆಯಿಲ್ಲದ್ದು ಎಂದು ನಿಘಂಟು ಹೇಳುತ್ತದೆ. ಅವತ್ತು ಮುಚ್ಚುಮರೆಯಿಲ್ಲದೆ ಇದ್ದವಳು ಅವ್ವ, ಮರೆಯಲ್ಲಿದ್ದವರು ನೀವು.

ಇನ್ನೊಬ್ಬ ತಾಯಿಯ ಕಥೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ತೆಗೆದ ಚಿತ್ರ ನಿಮಗೆ ಗೊತ್ತೇ ಇರುತ್ತದೆ. ಅದರಲ್ಲಿರುವ ತಾಯಿಯ ಕೈಯೂ ಗಲ್ಲದ ಹತ್ತಿರವೇ ಇದೆ, ಮಕ್ಕಳು ಮುಖ ಮರೆಸಿಕೊಂಡು ಅವಳಿಗೆ ಒರಗಿವೆ. ಅದು ಕದ್ದು ತೆಗೆದದ್ದಲ್ಲ, ಎದುರಿಗೆ ನಿಂತು ತೆಗೆದದ್ದು. ಆದರೂ ಹೆಸರು ಕೇಳಿಕೊಂಡಿರಲಿಲ್ಲ. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿಕೊಂಡಿದ್ದರು ಎಂದು ಲ್ಯಾಂಗ್ ಬರೆದರು. ಮಾರಲು ನಮ್ಮ ಹತ್ತಿರ ಟೈರುಗಳೇ ಇರಲಿಲ್ಲ ಎಂದು ಆ ತಾಯಿಯ ಮಗ ಮುಂದೆಂದೋ ಹೇಳಿದ. ಜಗತ್ತಿನಲ್ಲೇ ಅತಿ ಹೆಚ್ಚು ಅಚ್ಚಾದ ಮುಖಗಳಲ್ಲಿ ಒಂದಾದ ಆ ಮುಖದ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ. ಅವರು ಚೆರೋಕೀ ಮೂಲನಿವಾಸಿ ಎಂಬುದೂ ಆಮೇಲೆಯೇ ಎಲ್ಲರಿಗೂ ಗೊತ್ತಾಯಿತು. ಆ ಚಿತ್ರದಿಂದ ಅವರಿಗೆ ಒಂದು ಕಾಸೂ ಬಂದಿರಲಿಲ್ಲ. 1983ರಲ್ಲಿ ಹಾಸಿಗೆ ಹಿಡಿದಾಗ ಆಸ್ಪತ್ರೆಯ ಖರ್ಚಿಗೆ ಮಕ್ಕಳು ಜನರ ಮುಂದೆ ಕೈಚಾಚಬೇಕಾಯಿತು.

ಆ ಚಿತ್ರದಿಂದ ಎಷ್ಟೋ ಹಸಿದವರಿಗೆ ಒಳ್ಳೆಯದಾಯಿತು ಎನ್ನುತ್ತಾರೆ. ಇರಬಹುದು. ಕಾಫಿ ಅಂಗಡಿಯ ಗೋಡೆಯಿಂದ ಯಾವ ಹೂವಾಡಗಿತ್ತಿಗೆ ಏನು ಒಳ್ಳೆಯದಾಯಿತು ಎಂದು ಮಾತ್ರ ನಿಮ್ಮನ್ನು ಕೇಳಬೇಕೆನಿಸುತ್ತದೆ.

ನಿಮ್ಮ ಕಸುಬಿನವರು ಬೇರೆ ಕಡೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ನೋಡಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮಣ್ಣನ ಮಗಳ ಮದುವೆ ಆಯಿತು. ಸಾಮಾನ್ಯ ಫೋಟೊ ವೀಡಿಯೊಗೆ ಒಂದು ದರ, ಕ್ಯಾಂಡಿಡ್‌ಗೆ ಬೇರೆ ದರ. ಕ್ಯಾಂಡಿಡ್ ತೆಗೆಯಲೆಂದೇ ಬಂದ ಇಬ್ಬರು ಹುಡುಗರು ಯಾರಿಗೂ ಗೊತ್ತಾಗದಂತೆ ಓಡಾಡಿ, ಮದುವಣಗಿತ್ತಿ ಕಣ್ಣೊರೆಸಿಕೊಂಡದ್ದನ್ನೂ ಅವಳ ತಾಯಿ ಕಡೆಯ ತಾತ ಹೋಳಿಗೆಗೆ ಎರಡನೆಯ ಸಲ ಕೈ ಚಾಚಿದ್ದನ್ನೂ ಹಿಡಿದರು. ಹದಿನೈದು ದಿನ ಬಿಟ್ಟು ಸಾವಿರಾರು ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಕಳಿಸಿ, "ಸೆಲೆಕ್ಷನ್ ಮಾಡಿಕೊಡಿ" ಎಂದರು. ಹುಡುಗಿ ರಾತ್ರಿಯೆಲ್ಲ ಕೂತು ಇದು ಇರಲಿ, ಇದು ಬೇಡ, ಇದರಲ್ಲಿ ಹಲ್ಲು ಕಾಣುತ್ತೆ ಎಂದು ಆರಿಸಿದಳು. ಬೇಡ ಎಂದದ್ದನ್ನು ಅವರು ತಕರಾರಿಲ್ಲದೆ ಅಳಿಸಿಹಾಕಿದರು. ಅದರಿಂದ ಆ ಚಿತ್ರಗಳ ಸಹಜತೆಗೆ ಏನೂ ಕೊರತೆಯಾಗಲಿಲ್ಲ. ಅದೇ ಕ್ಯಾಮೆರಾ, ಅದೇ ಕಣ್ಣು, ಅದೇ ಕಸುಬು. ಮದುವೆಮನೆಯಲ್ಲಿ ದುಡ್ಡು ಕೊಟ್ಟವರಿಗೆ ಬೇಡ ಎನ್ನುವ ಹಕ್ಕಿದೆ. ಮಾರುಕಟ್ಟೆಯಲ್ಲಿ ಕೂತವಳಿಗೆ ತನ್ನ ಫೋಟೊ ಇದೆ ಎಂಬ ಸುದ್ದಿಯೂ ಇಲ್ಲ. ನನಗೆ ನೋವಾಗುವುದು ಈ ಜಾಗದಲ್ಲಿ.

ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆ, ನಿಮ್ಮ ಮೇಲೆ ದೂರು ಕೊಡಲು ಅಲ್ಲ. ಸಾರ್ವಜನಿಕ ಜಾಗದಲ್ಲಿ ಕೂತ ಹೆಂಗಸಿನ ಫೋಟೊ ತೆಗೆದದ್ದಕ್ಕೆ ನಿಮ್ಮನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೇಳುವುದು ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣನ್ನು ನೋಡುವ, ಚಿತ್ರ ತೆಗೆಯುವ ಅಪರಾಧದ ಬಗ್ಗೆ. ಆದರೆ ಇದೇ ಬೆಂಗಳೂರಿನವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದರು. ಹೊರಗೆ ಬಂದ ಮಾತ್ರಕ್ಕೆ ಮನುಷ್ಯ ಅದನ್ನು ಕಳೆದುಕೊಳ್ಳುವುದಿಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು ಎಂಬ ವಿಚಾರ ಆ ತೀರ್ಪಿನಲ್ಲಿದೆ. ಓದಿದಾಗ ನನಗೆ ಅವ್ವನ ಜಾರಿದ ಸೆರಗು ನೆನಪಾಯಿತು.

2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂ ಖಾತೆಯೊಂದಕ್ಕೆ ಹಾಕುತ್ತಿದ್ದ ಸಂಗತಿ ಹೊರಬಿತ್ತು. ಪೊಲೀಸರು ಒಬ್ಬನನ್ನು ಬಂಧಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಚರ್ಚ್ ಸ್ಟ್ರೀಟಿನಿಂದ ಅಂಥದ್ದೇ ಇನ್ನೊಂದು ಸುದ್ದಿ. ಆಮೇಲೆ ನಮ್ಮ ಕಾಲೇಜಿನ ಹುಡುಗಿಯರು ಬಸ್‌ಸ್ಟಾಪಿನಲ್ಲಿ ಯಾರಾದರೂ ಫೋನು ಎತ್ತಿದರೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುವುದನ್ನು ನೋಡಿದ್ದೇನೆ. ನಿಮ್ಮನ್ನು ನಾನು ಅಂಥವರ ಸಾಲಿಗೆ ಸೇರಿಸುತ್ತಿಲ್ಲ. ನಿಮ್ಮ ಕಣ್ಣಿನಲ್ಲಿ ಕೊಳಕಿಲ್ಲ ಎಂದು ಆ ಚಿತ್ರವೇ ಹೇಳುತ್ತದೆ. ಆದರೆ ಲೆನ್ಸಿನ ಈಚೆ ನಿಂತ ಹುಡುಗಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಜಪಾನಿನಲ್ಲಿ ಮಾರುವ ಬಹುತೇಕ ಫೋನುಗಳಲ್ಲಿ ಕ್ಯಾಮೆರಾದ ಸದ್ದನ್ನು ಆರಿಸಲು ಆಗುವುದಿಲ್ಲವಂತೆ, ದಕ್ಷಿಣ ಕೊರಿಯಾದಲ್ಲೂ ಹಾಗೆಯೇ. ನಿಮ್ಮ ಹೊಸ ಕ್ಯಾಮೆರಾಗಳು ಸದ್ದೇ ಮಾಡುವುದಿಲ್ಲ. ಸದ್ದು ಮಾಡದ ಕ್ಯಾಮೆರಾ ಹಿಡಿದವರು ತೆಗೆದಾದ ಮೇಲೆ ತಾವಾದರೂ ಬಾಯಿ ಬಿಟ್ಟು ಮಾತಾಡಬೇಕು. ಒಳ್ಳೆಯವರನ್ನು ಗುರುತು ಹಿಡಿಯಲು ಆ ಹುಡುಗಿಗೆ ಬೇರೆ ದಾರಿಯಿಲ್ಲ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೀವು ನೋಡಿರುತ್ತೀರಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಹಳ್ಳಿಯವರು, ಬಡವರು, ಮೂಗು ಸೋರುವ ಮಕ್ಕಳು ಅವರ ಚಿತ್ರಗಳಲ್ಲಿ ತುಂಬಿದ್ದಾರೆ. ಆ ಚಿತ್ರಗಳ ಮುಂದೆ ನಿಂತಾಗ ಯಾರನ್ನೂ ಅಯ್ಯೋ ಪಾಪ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವರು ಅಲ್ಲೇ ಎಲ್ಲೋ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಆಮೇಲೆ ತೆಗೆದಿರಬೇಕು ಎಂದೇ ಅನ್ನಿಸುತ್ತದೆ. ಇದು ನನ್ನ ಊಹೆ. ಆದರೆ ಮೇಲಂತಸ್ತಿನಿಂದ ಅಂಥ ಚಿತ್ರ ಬರುವುದಿಲ್ಲ ಎಂಬುದು ಊಹೆಯಲ್ಲ.

ಭಾನುವಾರ ಬೆಳಿಗ್ಗೆ ಹದಿನೈದು ಇಪ್ಪತ್ತು ಜನ ಗುಂಪಾಗಿ ಮಾರ್ಕೆಟ್ಟಿಗೆ ಬರುತ್ತೀರಿ. ಅಲ್ಲಿಯ ಹೆಂಗಸರು ನಿಮಗೆ ಕ್ಯಾಮೆರಾದೋರು ಎಂದು ಹೆಸರಿಟ್ಟಿದ್ದಾರೆ. ಏಳು ಗಂಟೆಯ ಒಳ್ಳೆಯ ಬೆಳಕಿಗೆ ಬಂದು, ಬೆಳಕು ಗಟ್ಟಿಯಾಗುತ್ತಲೇ ದೋಸೆ ತಿನ್ನಲು ಹೋಗುತ್ತೀರಿ. ನಿಮ್ಮಲ್ಲಿ ಕೆಲವರು ಹಿಂದೆ ಉಳಿಯುವುದನ್ನೂ ಅವ್ವ ನೋಡಿದ್ದಾಳೆ. ಒಬ್ಬ ಹುಡುಗಿ ಪಕ್ಕದ ನಿಂಬೆಹಣ್ಣಿನ ಅಜ್ಜಿಗೆ ಕ್ಯಾಮೆರಾದ ಹಿಂದಿನ ಪರದೆ ತೋರಿಸಿದಳಂತೆ. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು, "ಇದ್ ತಗ್ದಾಕವ್ವ, ಇನ್ನೊಂದ್ ತಗಿ" ಎಂದಳಂತೆ. ಹುಡುಗಿ ಅದನ್ನು ಅಳಿಸಿ ಇನ್ನೊಂದು ತೆಗೆದಳಂತೆ. ಅವ್ವ ಇದನ್ನು ನನಗೆ ಮೂರು ಸಲ ಹೇಳಿದ್ದಾಳೆ. ನಾನು ನಿಮ್ಮಿಂದ ಬಯಸುವುದು ಇಷ್ಟೇ. ತೆಗೆದ ಮೇಲೆ ಒಂದು ಗಳಿಗೆ ಅಲ್ಲೇ ನಿಲ್ಲಿ. ತೋರಿಸಿ, ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಬೇಡ ಎಂದರೆ, ಅದು ಎಷ್ಟೇ ಒಳ್ಳೆಯ ಚಿತ್ರವಾಗಿದ್ದರೂ, ಅಳಿಸಿ. ಅದು ಸುಲಭವಲ್ಲ ಎಂದು ನನಗೆ ಗೊತ್ತು. ಅವ್ವ ಬೇಡ ಎಂದಿದ್ದರೆ ಆ ಹಣೆಯ ಮೇಲಿನ ಬಿಸಿಲು ನನಗೂ ಕಾಣಲು ಸಿಗುತ್ತಿರಲಿಲ್ಲ.

ಈಗ ಕಾಪಿಯ ವಿಷಯ.

ಯಾಕೆ ಬೇಕು ಎಂದು ಅವ್ವನನ್ನು ಕೇಳಿದ್ದೆ. ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ ಹೇಳಿದಳು: "ನಾಳೀಕೆ ಗ್ವಾಡೆಗಾಕಕ್ಕೆ ಬೇಕಲ್ಲ. ನಿಮ್ಮಪ್ಪನ್ ತರ ನಂಗೂ ಯಾವ್ದೋ ಬಟ್ಟೆ ಹಾಕ್ಬುಟ್ರೆ?"

ನೀವು ಬರುವುದಾದರೆ ಭಾನುವಾರ ಬೇಡ, ಹಬ್ಬದ ಹಿಂದಿನ ದಿನವೂ ಬೇಡ, ಅವಳಿಗೆ ಮಾತಾಡಲು ಪುರಸೊತ್ತಿರುವುದಿಲ್ಲ. ವಾರದ ನಡುವೆ ಹತ್ತು ಗಂಟೆಯ ಮೇಲೆ ಬನ್ನಿ. ನೀವು ನಿಂತಿದ್ದ ಕಂಬಿಯ ಹತ್ತಿರದ ಮೆಟ್ಟಿಲನ್ನು ಇಳಿದರೆ ಎಡಕ್ಕೆ ಅವಳ ಜಾಗ. ಕೆಳಗಿನ ಇಂಗ್ಲಿಷ್ ಸಾಲು ಇಲ್ಲದ ಒಂದು ಪ್ರಿಂಟು ತನ್ನಿ. ಸೆರಗು ಜಾರಿದ್ದರೆ ಜಾರಿರಲಿ, ತಿದ್ದಬೇಡಿ, ಅವಳನ್ನು ಕೇಳಿದ್ದೇನೆ. ಅಳತೆ 12ಕ್ಕೆ 15 ಇಂಚು ಇರಲಿ. ಅಪ್ಪನ ಫೋಟೊ ಅದೇ ಅಳತೆಯದು. ಪ್ರಿಂಟಿನ ಖರ್ಚು ನಾನು ಕೊಡುತ್ತೇನೆ.

ಇಂತಿ,
ಹೂ ಮಾರುವವಳ ಮಗಳು